ಎರಡು ಗಂಟೆ

ಗಂಟೆ ಬಾರಿಸುವ ಕೆಲಸ ನನ್ನದು.
ಸ್ಟಾಫ್ ರೂಮಿನ ಗಣಪತಿ ಫೋಟೋದ ಮುಂದಿಂದ ತಂದದ್ದು,
ಹಿಡಿಯಲ್ಲಿನ್ನೂ ಕುಂಕುಮ ಮೆತ್ತಿಕೊಂಡಿತ್ತು.
ಮೂರನೇ ನಿಮಿಷಕ್ಕೆ ಒಂದು ಸಲ, ಎಚ್ಚರಿಕೆ.
ನಾಲ್ಕಕ್ಕೆ ಎರಡು ಸಲ, ಸಾಕು.
ಆಮೇಲೆ ಆಡಿದ್ದು ಗಾಳಿಗೆ,
ಅಂಕಪಟ್ಟಿಗಲ್ಲ,
ಎಂದಿದ್ದರು ಫಿಲೋಮಿನಾ ಮಿಸ್.

ರಾಜಾಜಿನಗರದ ನಮ್ಮ ಕಾಲೇಜಿನ ಸಭಾಂಗಣ
ಎಂದರೆ ಎರಡು ಕ್ಲಾಸ್‌ರೂಮುಗಳ ನಡುವಿನ ಹಲಗೆ ತೆಗೆದದ್ದು.
ಎಡಕ್ಕೊಂದು ಮೇಜು, ಬಲಕ್ಕೊಂದು ಮೇಜು,
ನಡುವೆ ಒಂದೇ ಮೈಕು,
ಯಾರು ಬಂದರೂ ಮೊದಲು ಕೂಗಿಕೊಳ್ಳುತ್ತಿತ್ತು.

ಹಾರ್ಲಿಕ್ಸ್ ಬಾಟಲಿಯಲ್ಲಿ ಎರಡು ಚೀಟಿ.
‘ಪಾದಚಾರಿ ಮಾರ್ಗದಿಂದ ಬೀದಿ ವ್ಯಾಪಾರಿಗಳನ್ನು
ತೆರವುಗೊಳಿಸತಕ್ಕದ್ದು.’
ನೀನೇನು ನಂಬುತ್ತೀಯೆಂದು ಬಾಟಲಿ ಕೇಳುವುದಿಲ್ಲ.

ಗಂಗರತ್ನ ಬಿಚ್ಚಿದಳು. ಪರ.
ಮತ್ತೆ ಮಡಿಸಿದಳು, ಮಡಿಸಿ ಮಡಿಸಿ
ಜ್ವರದ ಮಾತ್ರೆಯಷ್ಟು ಮಾಡಿದಳು.
ಅವಳಮ್ಮ ಮಾಗಡಿ ರಸ್ತೆ ಟೋಲ್‌ಗೇಟಿನ ಹತ್ತಿರ
ದಂಟು, ಸಬ್ಬಸಿಗೆ, ಕಿಲಕೀರೆ ಹಾಕಿಕೊಂಡು ಕೂರುವುದು
ನನಗೆ ಗೊತ್ತು, ಮಿಸ್ಸಿಗೆ ಗೊತ್ತು,
ಎದುರು ಮೇಜಿಗೆ ಗೊತ್ತಿಲ್ಲ.
ಮಿಸ್ ಅವಳತ್ತ ನೋಡಿದರು. ಬದಲಿಸಬಹುದಿತ್ತೇನೋ.
ಬೇಡವೆಂದು ತಲೆಯಾಡಿಸಿದಳು.

ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ, ಎದುರಾಳಿ ಮಿತ್ರರೇ,
ಎಲ್ಲರಿಗೂ ಒಂದೊಂದು ಬಹುವಚನ ಹಂಚಿ
ಅವಳು ಶುರು ಮಾಡಿದ್ದು ಅಳತೆಯಿಂದ.
ಚಪ್ಪಡಿಯ ಅಗಲ ಐದಡಿ. ಗೋಣಿತಾಟು ಮೂರು.
ಸೊಪ್ಪು ಆರಿಸಲು ಬಗ್ಗುವ ಗಿರಾಕಿ ಒಂದೂವರೆ.
ಉಳಿದ ಅರ್ಧ ಅಡಿಯಲ್ಲಿ
ಬಿಳಿ ಕೋಲಿನ ಮುನಿಶಾಮಪ್ಪ ಹೇಗೆ ನಡೆಯಬೇಕು?
ರಸ್ತೆಗಿಳಿಯಬೇಕು. ಇಳಿದ, ಹೋದ ಆಷಾಢದಲ್ಲಿ.
ಎಷ್ಟು ಹೊತ್ತಿಗೆ, ಯಾವ ನಂಬರಿನ ಬಸ್ಸು, ಎಲ್ಲ ಹೇಳಿದಳು.
ಇಷ್ಟೆಲ್ಲ ಹೇಗೆ ಗೊತ್ತೆಂದು ಯಾರೂ ಕೇಳಲಿಲ್ಲ.
ಅಂಕಿಅಂಶಕ್ಕೆ ಹತ್ತು ಅಂಕ.

ವಿರೋಧಕ್ಕೆ ಪ್ರದ್ಯುಮ್ನ, ಜಯನಗರದ ಕಾಲೇಜಿನವನು.
ಅವನ ಮಾತಿನಲ್ಲಿ ಒಬ್ಬ ತಾಯಿ ಬಂದಳು.
ಹರಕು ಸೆರಗು, ಕಣ್ಣಲ್ಲಿ ನೀರು, ಮಡಿಲಲ್ಲಿ ಬಾಡಿದ ಸೊಪ್ಪು.
ದನಿ ಎಲ್ಲಿ ನಡುಗಬೇಕೋ ಅಲ್ಲಿ ನಡುಗಿತು.
ಚಪ್ಪಾಳೆ. ನಾನೂ ತಟ್ಟುತ್ತಿದ್ದೆ, ಕೈಯಲ್ಲಿ ಗಂಟೆಯಿತ್ತು.
ಸಾಕಮ್ಮ ಯಾವತ್ತೂ ಬಾಡಿದ ಸೊಪ್ಪು ಇಟ್ಟವರಲ್ಲ,
ಪೊಲೀಸಿನವನಿಗೇ ಚೌಕಾಸಿ ಹೇಳಿಕೊಡುವವರು.

ಖಂಡನೆಗೆ ಎರಡೇ ನಿಮಿಷ.
ಒಂದಕ್ಕೆ ಒಂದು, ಎರಡಕ್ಕೆ ಎರಡು.
“ನನ್ನ ಮಿತ್ರರು ತೋರಿಸಿದ ತಾಯಿ ಅಳುತ್ತಾಳೆ.
ಆ ಕಣ್ಣೀರು ಅವಳಿಗೆ ಬೇಕಾಗಿಲ್ಲ,
ಅವರ ವಾದಕ್ಕೆ ಬೇಕಾಗಿದೆ.”
ಮೂರೂ ಪೆನ್ನುಗಳು ಒಟ್ಟಿಗೆ ಬಗ್ಗಿದವು.
ಒಂದು ಗಂಟೆ.
ಮತ್ತೆ ಮುನಿಶಾಮಪ್ಪ, ಮತ್ತೆ ಅರ್ಧ ಅಡಿ,
“ಆದ್ದರಿಂದ ತೆರವುಗೊಳಿಸಲೇಬೇಕು.
ಆದರೆ...”

ಪರ ನಿಂತವರು ಆ ಪದ ಮುಟ್ಟುವ ಹಾಗಿಲ್ಲ,
ಅದು ಎದುರು ಮೇಜಿನ ಸ್ವತ್ತು.
ಅವಳ ಬಾಯಿ ತೆರೆದೇ ಇತ್ತು.
ನನ್ನ ಸ್ಟಾಪ್‌ವಾಚಿನಲ್ಲಿ ಐವತ್ತೇಳು, ಐವತ್ತೆಂಟು...
ಬಾರಿಸಿದೆ. ಎರಡು ಸಲ.
ಒಂದು ಸೆಕೆಂಡು ಮೊದಲೇ ಇರಬಹುದು.
ಅವಳನ್ನು ಗೆಲ್ಲಿಸಲೋ,
ಆ ಮುಂದಿನ ಮಾತು ಕೇಳಲಾಗದೆಯೋ,
ಇವತ್ತಿಗೂ ತಿಳಿಯದು.

ಒಂದೂವರೆ ಅಂಕದಲ್ಲಿ ಪಾರಿತೋಷಕ ನಮ್ಮದು.
ಪ್ರದ್ಯುಮ್ನ ಕೈ ಕುಲುಕಿದ,
“ನಿಜ ಹೇಳಿ, ನೀವೂ ಅದನ್ನ ನಂಬಲ್ಲ ಅಲ್ವಾ?”
ಅವಳ ಬಾಯ್ತುಂಬ ಖಾರಾಬನ್ನು.

ಶೀಲ್ಡನ್ನು ಪೇಪರಿನಲ್ಲಿ ಸುತ್ತಿ ಟೋಲ್‌ಗೇಟಿಗೆ ನಡೆದೆವು.
ಸಾಕಮ್ಮ ಅದನ್ನು ಕೈಯಲ್ಲೇ ತೂಗಿ ನೋಡಿದರು.
“ಮರ ಒಳ್ಳೇದು. ಯಾವ ಕಡೆ ಮಾತಾಡ್ದೆ?”
“ಚೀಟಿ ಬಂದ ಕಡೆ.”
“ಹೂಂ.” ಸೊಪ್ಪಿಗೆ ನೀರು ಚಿಮುಕಿಸಿದರು.

ಗಂಗರತ್ನ ಬ್ಯಾಗು ಇಳಿಸಿ
ಗೋಣಿತಾಟಿನ ತುದಿ ಹಿಡಿದು
ಗೋಡೆಯ ಕಡೆಗೆ ಎಳೆದಳು, ಒಂದು ಗೇಣು.
ಸಾಕಮ್ಮ ಅರ್ಧ ಗೇಣು ಹಿಂದಕ್ಕೆಳೆದುಕೊಂಡರು.
ಇಬ್ಬರೂ ಮಾತಾಡಲಿಲ್ಲ.
ಮೇಲೆ ಮೆಟ್ರೋ ಹೋಯಿತು.
ವಾಪಸು ಕೊಡಲು ಮರೆತ ಗಂಟೆ ನನ್ನ ಚೀಲದಲ್ಲಿತ್ತು.
ಅದರ ನಾಲಗೆಯನ್ನು ಎರಡು ಬೆರಳಲ್ಲಿ
ಹಿಡಿದುಕೊಂಡು ನಿಂತೆ.