ಎರಡಿಂಚು

ದುರ್ಗಿಗುಡಿಯ ಈ ಅಂಗಡಿಯಲ್ಲಿ
ಅಳತೆ ಪುಸ್ತಕಗಳು ನಲವತ್ತೊಂದು.
ಹಾಲೇಶ ಇರುವುದು ಹದಿನೇಳನೆಯದರಲ್ಲಿ,
ಲೆಕ್ಚರರೊಬ್ಬರ ಮದುವೆ ಸೂಟಿಗೂ
ಹೋಮ್‌ಗಾರ್ಡ್ ಖಾಕಿಗೂ ನಡುವೆ:
ಸೊಂಟ ಇಪ್ಪತ್ತೊಂಬತ್ತು, ಉದ್ದ ನಲವತ್ತೆರಡು,
ಅಂಗಿಗೆ, ಬಲಭುಜ ಎಡಕ್ಕಿಂತ ಅರ್ಧ ಇಂಚು ಕೆಳಗೆ.

ಸಿಲಿಂಡರ್ ಹೊತ್ತು ಹೀಗಾಗಿದೆ ಅಂದುಕೊಂಡೆ.
ಗ್ಯಾಸ್ ಏಜೆನ್ಸಿ ಹುಡುಗ, ಮೂರು ಮಹಡಿ ಹತ್ತಿದರೂ
ಏದುಸಿರು ಬಿಡದವನು.
‘ಅಲ್ಲ ಮಾಮ, ಬಾಲು ಹಾಕಿ ಹಾಕಿ’ ಎಂದ.
‘ನಾಡಿದ್ದು ರಾತ್ರಿ ಗಾಡಿಗೆ ಹೊರಡಬೇಕು.
ರಾಜ್ಯದ ಟೀಮು. ಯಾರಿಗೋ ಕಾಲು ಉಳುಕಿತಂತೆ.’

ರಾತ್ರಿ ಎರಡರ ತನಕ ಮಿಷನ್ ತುಳಿದೆ.
ಬೆಳೆಯುವ ಹುಡುಗ, ಮುಂದೆ ಎಷ್ಟು ಮ್ಯಾಚೋ ಏನೋ,
ಸೊಂಟದ ಹಿಂದೆ ಒಳಗಡೆ ಎರಡಿಂಚು ಬಿಟ್ಟೆ.
ಕತ್ತರಿಸಿದ ಮೇಲೆ ಬಟ್ಟೆ ಬೆಳೆಯಲ್ಲ ಕಣೋ,
ಮನುಷ್ಯ ಬೆಳೀತಾನೆ, ಅನ್ನುತ್ತಿದ್ದರು ಅಪ್ಪ.

ಆರು ಓವರ್ ಹಾಕಿದ.
ಇಪ್ಪತ್ತೊಂಬತ್ತು ರನ್ನು, ಅವನ ಸೊಂಟದಷ್ಟೇ.
ವಿಕೆಟ್ ಇಲ್ಲ.
ಪೇಪರಿನ ಸಣ್ಣ ಅಕ್ಷರದಲ್ಲಿ ಹೆಸರು
ಹಾಲೇಶ್ ಅಲ್ಲ, ಹರೀಶ್ ಎಂದಿತ್ತು.
ಕತ್ತರಿಸಿ ಗಲ್ಲಾಪೆಟ್ಟಿಗೆಯ ಒಳಗೆ ಅಂಟಿಸಿದೆ,
ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಲ್ಲಿ ತಿದ್ದಿ.
ಆ ತಿದ್ದುಪಡಿ ನಿಂತದ್ದು ಒಂದು ವಾರ.

ನಾಲ್ಕನೇ ಓವರಿನ ಐದನೇ ಬಾಲು.
ಕೇಳಿದರೆ ಅದೊಂದನ್ನೇ ಹೇಳುತ್ತಾನೆ.
ಒಳಕ್ಕೆ ತಿರುಗಿ ಪ್ಯಾಡಿಗೆ ಬಡಿಯಿತಂತೆ,
ಅಷ್ಟೂ ಜನ ಕೂಗಿದರಂತೆ,
ಅಂಪೈರು ಒಂದು ಗಳಿಗೆ ಅವನನ್ನೇ ನೋಡಿ
ಟೋಪಿ ಸರಿಮಾಡಿಕೊಂಡನಂತೆ.
ಕಾಲು ಉಳುಕಿದವನು ಮುಂದಿನ ಮ್ಯಾಚಿಗೆ ವಾಪಸ್.
ಇವನು ಸೋಮವಾರ ಸಿಲಿಂಡರಿಗೆ.

ಮೊನ್ನೆ ಬಂದ, ಕವರಿನಲ್ಲಿ ಅದೇ ಪ್ಯಾಂಟು.
ಸ್ಕೂಲು ಮ್ಯಾಚುಗಳಿಗೆ ಈಗ ಅವನೇ ಅಂಪೈರು.
‘ಕರೀದು ಹೊಲೀಲಾ? ಈಗೆಲ್ಲ ಅದೇ ತಾನೆ’ ಅಂದೆ.
‘ಇದನ್ನೇ ಬಿಚ್ಚು ಮಾಮ. ಒಳಗೆ ಇದೆಯಲ್ಲ?’
ನೆನಪಿಟ್ಟಿದ್ದಾನೆ.

ತೊಡೆಗೆ ಬಾಲು ಉಜ್ಜಿದ ಕೆಂಪು
ಚಹಾ ಚೆಲ್ಲಿದ ಕಲೆಯ ಹಾಗಾಗಿದೆ. ಅದನ್ನು ಮುಟ್ಟಲಿಲ್ಲ.
ಟೇಪು ಸುತ್ತಿದೆ. ಮೂವತ್ತನಾಲ್ಕು.
ಉಸಿರು ಹಿಡಿ ಅಂದೆ. ಮೂವತ್ಮೂರು.

ಹಳೇ ದಾರ ಬ್ಲೇಡಿನಿಂದ ಬಿಡಿಸುತ್ತ ಹೋದೆ.
ಹೊರಗಿನ ಬಟ್ಟೆಗೆ ಮುದುಕರ ಹಲ್ಲಿನ ಬಣ್ಣ.
ಒಳಗೆ ಮಡಚಿಟ್ಟ ಎರಡಿಂಚು ಮಾತ್ರ
ಆವತ್ತಿನ ರಾತ್ರಿ ಹೇಗಿತ್ತೋ ಹಾಗೇ,
ಬೆವರು ಕುಡಿಯದೆ, ಬಿಸಿಲು ಕಾಣದೆ
ಅಚ್ಚ ಬಿಳಿ.

‘ಪಟ್ಟೆ ಎದ್ದು ಕಾಣುತ್ತಲ್ಲೋ,
ಡಿಕಾಕ್ಷನ್ನಿನಲ್ಲಿ ಅದ್ದಿ ಬಣ್ಣ ಹೊಂದಿಸಲಾ?’
‘ಬಿಡು ಮಾಮ. ಹಿಂದುಗಡೆ ತಾನೆ,
ಅಂಪೈರಿನ ಹಿಂಭಾಗ ಯಾರು ನೋಡ್ತಾರೆ?
ಬೇಗ ಹೊಲಿ. ಮೂರಕ್ಕೆ ಟಾಸು.’