ಎಣ್ಣೆ ಬಣ್ಣ

ಹಿರೇಬೊಮ್ಮಳ್ಳಿಯ ಕಲ್ಲು ಈಗ ತಗಡಿನ ನೆರಳಲ್ಲಿದೆ.
ಅದು ನನ್ನ ಅರ್ಜಿಗಳಿಂದ ಬಂದ ತಗಡಲ್ಲ.
ಸೋಲಾಪುರಕ್ಕೆ ಮರಾಠಿಯಲ್ಲಿ ಹದಿಮೂರು ಬರೆದೆ, ಉತ್ತರವಿಲ್ಲ;
ಧಾರವಾಡದವರು ಮಾತ್ರ ಮರುಟಪಾಲಿಗೇ ತಿಳಿಸಿದರು,
ಸದರಿ ಗ್ರಾಮವು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.
ಕೊನೆಗೆ ತಗಡು ಕೊಟ್ಟದ್ದು
ಕಬ್ಬು ಹೇರುವ ಟ್ರ್ಯಾಕ್ಟರಿನ ಧನಿ.

ಅಕ್ಷರಗಳಿಗೆ ಬಿಳಿ ಎಣ್ಣೆ ಬಣ್ಣ ತುಂಬಿದ್ದಾರೆ.
ಶಾಲೆಯ ಮಾಸ್ತರರು
ನನ್ನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು
ಎರಡು ಭಾನುವಾರ ಕೂತು ತಿದ್ದಿದರಂತೆ.
ಒಂದಕ್ಷರ ತಪ್ಪಿಲ್ಲ, ಮೇಡಂ,
ನೀವು ಓದಿದ ಹಾಗೇ ಇದೆ.

ನಾನು ಓದಿದ್ದು ಇಪ್ಪತ್ತಾರು ವರ್ಷದ ಕೆಳಗೆ.
ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸು, ಬಕೆಟ್ಟು, ಕುಂಚ, ಕಾಡಿಗೆ ಮಸಿ.
ತೋಯಿಸಿದ ಕಾಗದ ಹಚ್ಚಿ ಬಡಿದು ಬಡಿದು
ತೆಗೆದ ಅಚ್ಚು ಎರಡು. ಒಣಗಲಿಟ್ಟಾಗ
ಒಂದನ್ನು ಮೇಕೆ ತಿಂದಿತು.
ಉಳಿದದ್ದರಲ್ಲಿ, ಐದನೆಯ ಸಾಲಲ್ಲಿ, ಗಾಮುಂಡ.
ಮಕಾರ ಹಳೆಯದು, ವಕಾರ ಆಮೇಲಿನದು.
ಆ ಒಂದು ಬಾಲ ಹಿಡಿದು ಇಡೀ ಕಲ್ಲನ್ನು
ನೂರೈವತ್ತು ವರ್ಷ ಹಿಂದಕ್ಕೆ ಎಳೆದೆ.
ಡಾಕ್ಟರೇಟು, ರೀಡರ್ ಹುದ್ದೆ, ಮೈಸೂರಿನಲ್ಲಿ ಹೊದಿಸಿದ ಶಾಲು,
ಎಲ್ಲ ಅದರ ಹಿಂದೆಯೇ ಬಂದವು.

ಇವತ್ತು ಸಂಜೆ ಕರೆಂಟು ಹೋಯಿತು.
ಕುರಿ ಹೊಡೆದುಕೊಂಡು ಬಂದ ಮಲಕಾರಿ,
'ತಡೀರಿ ಬಾಯಾರ, ಇಲ್ಲಿ ಹಾವ ಇರ್ತಾವ' ಎಂದು
ಮೊಬೈಲಿನ ಬೆಳಕನ್ನು ಕಟ್ಟೆಯ ಬುಡಕ್ಕೆ ಹಿಡಿದ.
ಹಾವಿರಲಿಲ್ಲ.
ಓರೆ ಬೆಳಕು ಕಲ್ಲಿನ ಮೈಮೇಲೆ ಹರಿದು
ಉಳಿ ಇಳಿದಲ್ಲಿ ಕಪ್ಪು ನಿಂತಿತು,
ಬಾಲವಿದ್ದಲ್ಲಿ ಏನೂ ನಿಲ್ಲಲಿಲ್ಲ.
ಬರೀ ಚಕ್ಕೆ ಎದ್ದ ಜಾಗ.
ಗಾವುಂಡ.
ಇನ್ನೊಮ್ಮೆ ಹಿಡಿ, ಎಂದೆ. ಇನ್ನೊಮ್ಮೆ.
ಬ್ಯಾಟರಿ ಮುಗೀತೈತ್ರಿ, ಎಂದ.

ಕಸ್ತೂರೆವ್ವ ಚಹಾ ತಂದಳು.
ಹೇಳಿದೆ. ಮೊದಲ ಸಲ, ಒಬ್ಬರ ಮುಂದೆ.
ಬಸಿಯಲ್ಲಿ ಸುರಿದು ಆರಿಸಿ ಕೈಗಿಟ್ಟು ಅಂದಳು:
'ನಮ್ಮತ್ತಿಗೆ ಊರೆಲ್ಲಾ ಗೌಡಸಾನಿ ಅಂತಿತ್ತು.
ನನ್ನ ಆಧಾರ ಕಾರ್ಡಿನ್ಯಾಗ ಪಾಟೀಲ ಅಂತ ಐತಿ.
ಯಾರು ಬರದ್ರೋ, ನಾ ಕೇಳಿಲ್ಲ.
ನೀವರೆ ಕೇಳಾಕ ಬಂದೀರಲ್ಲ, ಕುಡೀರಿ.'

ಸ್ಮಾರಕವನ್ನು ಕೆರೆಯುವುದು, ಗೀಚುವುದು,
ಯಾವುದೇ ರೀತಿ ವಿರೂಪಗೊಳಿಸುವುದು ಅಪರಾಧ.
ಫಲಕದ ಆ ವಾಕ್ಯ ನನ್ನದೇ.
ಅವಳು ಬಸಿ ತೊಳೆಯಲು ಎದ್ದಾಗ
ಐದನೆಯ ಸಾಲಿಗೆ ಹೆಬ್ಬೆರಳ ಉಗುರು ಹಚ್ಚಿದೆ.
ಬಣ್ಣ ಹಸಿಯಿತ್ತೋ, ಮಾಸ್ತರರು ತೆಳ್ಳಗೆ ಬಳಿದಿದ್ದರೋ,
ಬಾಲ ಸುಲಭವಾಗಿ ಬಂತು.

ರಾತ್ರಿ ಅಕ್ಕಲಕೋಟೆಯ ಖಾನಾವಳಿಯಲ್ಲಿ
ರೊಟ್ಟಿ ಮುರಿಯುವಾಗ ಕಂಡಿತು
ಉಗುರ ಸಂದಿಯಲ್ಲಿ ಬೆಳ್ಳಗೆ, ಎಳ್ಳಿನಷ್ಟು.
ಕೈ ತೊಳೆದುಕೊಂಡು ಬರುವುದೋ ಬೇಡವೋ ಎಂದು
ಕೂತಿದ್ದೇನೆ. ಪಲ್ಯ ಆರುತ್ತಿದೆ.
ಮಾಸ್ತರರ ನಂಬರು ನನ್ನಲ್ಲಿದೆ.