ತಂತಿದೋಣಿಯವನ ತೂಕಡಿಕೆ

"ಹಗಲು ಹೊತ್ತು ನಿದ್ದೆ ಬರುತ್ತದೆಯೇ?"
ನರ್ಸ್ ಲೆಂಪಿ ಕೇಳುತ್ತಾಳೆ, ಪೆನ್ನಿನ ಟೋಪಿ ತೆಗೆದು.
ಜೂನ್ ತಿಂಗಳಲ್ಲಿ, ಫಿನ್ಲೆಂಡಿನ ಈ ಮೂಲೆಯಲ್ಲಿ, ಕೇಳುವ ಮಾತೇ ಇದು?
ರಾತ್ರಿ ಹತ್ತೂವರೆಗೂ ಸರೋವರದ ಅಂಚಿನಲ್ಲಿ ಸೂರ್ಯ
ಹೊರಟೆ ಹೊರಟೆ ಎನ್ನುತ್ತಲೇ
ಹೊಸ್ತಿಲಲ್ಲಿ ನಿಂತು ಮಾತು ಬೆಳೆಸುವ ನೆಂಟ.
ಯಾವುದನ್ನು ಹಗಲೆಂದು ಬರೆಸಲಿ ತಾಯೀ?

ಬರುತ್ತದೆ, ಎಂದೆ.
ಮಲಗಿದಾಗ ಬರುವುದಿಲ್ಲ. ನಿಂತಾಗ ಬರುತ್ತದೆ.
ಬೆಳಿಗ್ಗೆ ಹತ್ತರ ಸುಮಾರಿಗೆ ಮೊಣಕಾಲಿಂದ ಶುರು,
ಒದ್ದೆ ಕಂಬಳಿಯನ್ನು ಯಾರೋ
ಮೆಲ್ಲಗೆ, ಬಹಳ ಮರ್ಯಾದೆಯಿಂದ, ಹೊದಿಸಿದ ಹಾಗೆ.

ನನ್ನದು ತಂತಿದೋಣಿ. ಈ ದಡಕ್ಕೂ ಆ ದಡಕ್ಕೂ
ನೀರಿನಡಿ ಬಿಗಿದ ಉಕ್ಕಿನ ಹಗ್ಗ.
ಎಂಟು ಕಾರು, ಇಲ್ಲವೇ ಐದು ಕಾರು ಒಂದು ಟ್ರ್ಯಾಕ್ಟರು,
ಏಳು ನಿಮಿಷ.
ದಾರಿ ತಪ್ಪಬೇಕೆಂದರೂ ತಪ್ಪಲು ಬಾರದು.
ಹಾಗಾಗಿ ಜನ ಅನ್ನುತ್ತಾರೆ, ತಾಯಿಸ್ತೊಗೇನು ಕೆಲಸ?
ಗೇಟು ಇಳಿಸಬೇಕು. ಮೀನು ಹಿಡಿಯುವ ಹುಡುಗರು ಅಡ್ಡ ಬಂದರೆ
ತಡೆಯಬೇಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು.
ಎಣ್ಣೆಯೋ! ಅದಕ್ಕೂ ಈಗ ಚೀಟಿಯಲ್ಲಿ ಕೆಂಪು ಗೀಟು.
ಕ್ಯಾಬಿನ್ನಿನ ಗಾಜಿಗೆ ಬಿಸಿಲು, ಕಾಲಡಿ ಎಂಜಿನ್ನಿನ ಜೋಗುಳ:
ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಿದೆ ಸರಕಾರ.

ಮಾತ್ರೆ ನೋಡಿದರೆ ಅಂಗಿಯ ಗುಂಡಿಗಿಂತ ಚಿಕ್ಕದು.
ಬೆಣ್ಣೆಯಿಂದ ಕೂದಲು ತೆಗೆಯುವುದು ಕೇಳಿ ಗೊತ್ತು.
ಇದು ಕೂದಲಿನೊಳಗಿಂದ ಬೆಣ್ಣೆ ತೆಗೆಯುವ ಕೆಲಸ.
ತೆಗೆಯಿತು, ಸುಳ್ಳಲ್ಲ. ಅಂಕಿಗಳು ಚೆನ್ನಾಗಿವೆ.
ಬಳಿಯುವಾಗ ನನ್ನ ಎಚ್ಚರವನ್ನೂ ಸ್ವಲ್ಪ
ಬಳಿದುಕೊಂಡು ಹೋಗುತ್ತದೆಯೋ ಏನೋ.
ಬಿಟ್ಟುಬಿಡಲೇ, ಎಂದು ಒಂದು ಸಂಜೆ ಐಲಿಯನ್ನು ಕೇಳಿದೆ.
ಅವಳು ಏನೂ ಹೇಳಲಿಲ್ಲ.
ಎದ್ದು ಹೋಗಿ ನನ್ನಪ್ಪನ ಫೋಟೋ ಒರೆಸಿದಳು.

ಅಪ್ಪ ಎಮೆಲಿ. ನಲವತ್ತಾರು. ಮಾರ್ಚ್ ತಿಂಗಳ ಹಿಮ, ಮರ ಕಡಿಯುವ ತಂಡ.
ಅವನ ಬುತ್ತಿಯಲ್ಲಿ ರೊಟ್ಟಿಯ ಮೇಲೆ ಬೆಣ್ಣೆಯಲ್ಲ,
ಬೆಣ್ಣೆ ಕೈಗಂಟಬಾರದೆಂದು ಅದರಡಿ ಒಂದು ರೊಟ್ಟಿ.
ತಿಂದು, ಬರ್ಚ್ ಮರಕ್ಕೊರಗಿ ಕೂತ.
ದಣಿದಿದ್ದಾನೆ, ಒಂದು ಜೊಂಪು ಎಳೆಯಲಿ ಎಂದು
ಜೊತೆಯವರು ದನಿ ತಗ್ಗಿಸಿದರಂತೆ.
ಒಬ್ಬ ಎದ್ದು, ಆರದಿರಲೆಂದು,
ಅವನ ಕಾಫಿಗೆ ಮುಚ್ಚಳ ಹಾಕಿದನಂತೆ.
ಮುಕ್ಕಾಲು ಗಂಟೆ ಯಾರೂ ಎಬ್ಬಿಸಲಿಲ್ಲ.
ಮುಚ್ಚಳ ತೆಗೆದಾಗ
ಕಾಫಿ ಇನ್ನೂ ಬೆಚ್ಚಗಿತ್ತು.

ಹೋದ ಮಂಗಳವಾರ, ನಡುನೀರು.
ಜೇನು ಸಾಕುವ ಒರ್ವೊಕ್ಕಿ ಒಬ್ಬಳೇ, ವ್ಯಾನಿನಲ್ಲಿ
ಹದಿನಾರು ಪೆಟ್ಟಿಗೆ ಗುಂಯ್‌ಗುಡುತ್ತ.
ನಾನು ನಿಂತೇ ಇದ್ದೆ ಎಂಬುದು ನನ್ನ ನೆನಪು.
ಗೋಡೆಗೊರಗಿ ಕೂತಿದ್ದೆ ಎನ್ನುತ್ತಾಳೆ ಅವಳು.
ಕೆಂಪು ಗುಂಡಿ ಒತ್ತಿ ದೋಣಿ ನಿಲ್ಲಿಸಿದಳು.
ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು.
ಉಸಿರಿತ್ತು. ಗೊರಕೆಯೂ ಇತ್ತು.
ಪಾಪ, ಐದು ನಿಮಿಷ ಮಲಗಲಿ ಎಂದು
ನನ್ನ ಕಾಫಿಗೆ ಮುಚ್ಚಳ ಹಾಕಿದಳು.

ಆ ಸಣ್ಣ ಟಿಕ್ ಸದ್ದಿಗೆ ನಾನು ಕೂಗಿದ್ದು
ಎರಡೂ ದಡಕ್ಕೆ ಕೇಳಿಸಿತಂತೆ:
ತೆಗಿ! ಮುಚ್ಚಳ ತೆಗಿ!

ಲೆಂಪಿ ಬರೆದುಕೊಂಡಳು, ಅಷ್ಟನ್ನೂ ಅಲ್ಲ.
ಮಾತ್ರೆಯದೋ, ವಯಸ್ಸಿನದೋ, ನಿಮ್ಮ ಆ ನೆಂಟನದೋ,
ಡಾಕ್ಟರು ನೋಡಲಿ. ಬೇರೆ ಮಾತ್ರೆಗಳೂ ಇವೆ.
ನೀವಾಗಿ ನಿಲ್ಲಿಸಬೇಡಿ. ಅಲ್ಲಿಯವರೆಗೆ ದೋಣಿ ಬೇಡ.

ನನಗೆ ಅರವತ್ತೊಂದು.
ಅಪ್ಪನಿಗಿಂತ ಹದಿನೈದು ವರ್ಷ ದೊಡ್ಡವನು ನಾನು.
ದಡದ ಬೆಂಚಿನ ಮೇಲೆ ಕೂತು
ಹೊಸ ಹುಡುಗ ಗೇಟು ಇಳಿಸುವುದು ನೋಡುತ್ತೇನೆ, ತೀರಾ ಜೋರಾಗಿ ಇಳಿಸುತ್ತಾನೆ.
ಮಂಪರು ಬರುತ್ತದೆ, ಬರಲಿ.
ಪಕ್ಕದಲ್ಲಿ ಬಾಯಿ ತೆರೆದ ಲೋಟ.
ಕಾಫಿ ಆರುತ್ತದೆ, ಆರಲಿ.
ಒಂದು ಸೊಳ್ಳೆ ಬಿದ್ದಿದೆ ಅದರಲ್ಲಿ,
ಈಜುತ್ತಿದೆ.